ನಾನು ಹಾಕಿಸಿದ ಆಣೆ

ನಾನು ಸಮಾಜಸೇವೆಗೆ ಹೋದದ್ದು ಸಮಾಜದ ಮೇಲಿನ ಪ್ರೀತಿಯಿಂದಲ್ಲ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು. ಶಿಕ್ಷಕಿ ತರಬೇತಿ ಮುಗಿಸಿ ಎರಡು ವರ್ಷವಾಗಿತ್ತು. ನೌಕರಿಯ ಆದೇಶ ಬರುತ್ತಿರಲಿಲ್ಲ, ನೋಡಲು ಗಂಡಿನ ಕಡೆಯವರು ಮಾತ್ರ ತಪ್ಪದೆ ಬರುತ್ತಿದ್ದರು. ಸುರಪುರದ ನಮ್ಮ ಕಿರಾಣಿ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಲ್ಲುವುದು ನನಗೆ ಸಾಕಾಗಿ ಹೋಗಿತ್ತು. ತಗ್ಗಿಸಿದ ತಲೆಯೊಳಗೆ ನಾನು ಅವರನ್ನೆಲ್ಲ ಬೈಯುತ್ತಿದ್ದೆ ಎಂಬುದು ಬೇರೆ ಮಾತು.

ಶಹಾಪುರದಲ್ಲಿ ನಮ್ಮ ಸೋದರತ್ತೆಯ ಮನೆ ಇತ್ತು. ಅದೇ ಓಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಒಂದು ಸಣ್ಣ ಸಂಘ ನಡೆಸುತ್ತಿದ್ದರು. ಸಂಘ ಎಂದರೆ ಒಂದು ಕೋಣೆ, ಎರಡು ಬೆಂಚು, ಚೈನು ಕಳಚುವ ಒಂದು ಸೈಕಲ್ಲು ಮತ್ತು ಮಾಸ್ತರರು. ಹಳ್ಳಿಗಳಿಗೆ ಹೋಗಿ ಬಡವರಿಗೆ ಆರೋಗ್ಯದ ತಿಳಿವಳಿಕೆ ಹೇಳುವ ಹುಡುಗಿಯೊಬ್ಬಳು ಬೇಕು, ಸಂಬಳ ಇಲ್ಲ, ಬಸ್ಸಿನ ಚಾರ್ಜು ಕೊಡುತ್ತೇವೆ ಎಂದರು. ನಾನು ಅತ್ತೆಯ ಮನೆಯಲ್ಲಿ ಟಿಕಾಣಿ ಹೂಡಿದೆ. ಅಪ್ಪ ಒಂದು ವಾರ ಮಾತು ಬಿಟ್ಟರು. ನನಗೆ ಅದೂ ಹಾಯೆನಿಸಿತು.

ಆಗ ನಮ್ಮ ಕಡೆ ನಾರುಹುಣ್ಣು ಇತ್ತು. ಈಗಿನವರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ. ಕಾಲಿನಲ್ಲಿ ಒಂದು ಬೊಬ್ಬೆ ಎದ್ದು ಒಡೆಯುತ್ತದೆ, ಒಳಗಿನಿಂದ ಬಿಳಿಯ ದಾರದಂಥ ಹುಳ ತಲೆ ಹಾಕುತ್ತದೆ. ಜಗ್ಗಿದರೆ ಒಳಗೇ ತುಂಡಾಗಿ ಕಾಲು ಬಾತು ಕೀವಾಗುತ್ತದೆ. ಹಾಗಾಗಿ ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಸುತ್ತು ಹೊರಗೆ ತೆಗೆಯುತ್ತ ವಾರಗಟ್ಟಲೆ ಕಾಯಬೇಕು. ಅಂಥ ಕಾಲನ್ನು ಬಾವಿಯ ನೀರಿನಲ್ಲಿ ಇಟ್ಟರೆ ಹುಳದ ಮರಿಗಳು ನೀರಿಗೆ ಬೀಳುತ್ತವೆ. ಆ ನೀರನ್ನು ಸೋಸದೆ ಕುಡಿದವರಿಗೆ ಮುಂದಿನ ವರ್ಷ ಅದೇ ಪಾಡು. ಮೆಟ್ಟಿಲಿಳಿದು ನೀರು ತುಂಬುವ ಬಾವಿ ಇರುವ ಊರುಗಳಲ್ಲೆಲ್ಲ ಇದು ಇತ್ತು.

ಮಾಸ್ತರರು ನನಗೆ ಎರಡೇ ಪಾಠ ಹೇಳಿಕೊಟ್ಟರು. ಒಂದು, ಮನೆಮನೆಗೆ ಬಟ್ಟೆ ಕೊಟ್ಟು ನೀರು ಸೋಸಿ ಕುಡಿಯಲು ಹೇಳುವುದು. ಎರಡು, ನಾರು ಎದ್ದವರು ಯಾರೇ ಇರಲಿ, ಬಾವಿಗೆ ಇಳಿಯದಂತೆ ನೋಡಿಕೊಳ್ಳುವುದು. ಇಷ್ಟು ಸರಳ ಕೆಲಸಕ್ಕೆ ತರಬೇತಿ ಪಡೆದ ಶಿಕ್ಷಕಿ ಯಾಕೆ ಬೇಕು ಎಂದು ನಾನು ಒಳಗೊಳಗೇ ಬೀಗಿದೆ.

ನನ್ನ ಪಾಲಿಗೆ ಬಂದದ್ದು ಶಹಾಪುರದಿಂದ ಮುಕ್ಕಾಲು ತಾಸು ಬಸ್ಸಿನಲ್ಲಿ ಹೋಗಿ, ಆಮೇಲೆ ನಡೆಯಬೇಕಾದ ಒಂದು ಹಳ್ಳಿ. ಪ್ರತಿ ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ದೊಡ್ಡ ಕಾಲುವೆ ಆ ಊರಿನಿಂದ ಒಂದು ಮೈಲಿ ದೂರದಲ್ಲಿ ಹಾದು ಹೋಗಿತ್ತು. ಅದಕ್ಕೆ ನೀರು ಬಿಟ್ಟಿದ್ದರು, ಆದರೆ ಊರ ಹೊಲಗಳಿಗೆ ಬರುವ ಸಣ್ಣ ಕಾಲುವೆ ಇನ್ನೂ ಅಗೆದು ಮುಗಿದಿರಲಿಲ್ಲ. ಬಸ್ಸಿನ ಕಿಟಕಿಯಿಂದ ಒಂದು ಕಡೆ ಹಸಿರು ನೆಲ್ಲು, ಇನ್ನೊಂದು ಕಡೆ ಒಣಗಿದ ಜೋಳದ ಕೂಳೆ ಕಾಣುತ್ತಿತ್ತು. ನನ್ನ ಪಾಲಿನ ಹಳ್ಳಿ ಕೂಳೆಯ ಕಡೆಗಿತ್ತು.

ಮೊದಲ ಮಂಗಳವಾರ ಒಂದು ಚೀಲ ಬಿಳಿ ಬಟ್ಟೆ ಹೊತ್ತುಕೊಂಡು ಹೋಗಿ ಮನೆಮನೆಗೆ ಹಂಚಿದೆ. ನೀರಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದೆ ಎಂದು ಭಾಷಣ ಮಾಡಿದೆ. ಎಲ್ಲರೂ "ಹೌದ್ರಿ, ಹೌದ್ರಿ" ಎಂದರು. ಇಷ್ಟು ಬೇಗ ಒಪ್ಪಿದ್ದು ಕಂಡು ನನಗೇ ಆಶ್ಚರ್ಯವಾಯಿತು. ಮುಂದಿನ ಮಂಗಳವಾರ ಹೋದರೆ ಮೂರು ಕೂಸುಗಳ ತಲೆಯ ಮೇಲೆ ಅದೇ ಬಟ್ಟೆಯ ಕುಲಾಯಿ. ಒಬ್ಬಳು ಅದರಲ್ಲಿ ಮೊಸರು ಕಟ್ಟಿ ಗೂಟಕ್ಕೆ ನೇತುಹಾಕಿದ್ದಳು. ಇನ್ನೊಬ್ಬಳು, "ಅಷ್ಟು ಬೆಳ್ಳನ್ನ ಅರಿವಿ ಹೊಲಸು ಮಾಡೋದು ಬ್ಯಾಡಂತ ಟ್ರಂಕಿನ್ಯಾಗ ಇಟ್ಟೀನ್ರಿ" ಎಂದು ತೆಗೆದು ತೋರಿಸಿದಳು. ಮಡಿಕೆಯನ್ನೂ ಬಿಚ್ಚಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಇವರಿಗೆ ತಿಳಿಯುವುದಿಲ್ಲವೋ, ನನಗೆ ಹೇಳಲು ಬರುವುದಿಲ್ಲವೋ ಗೊತ್ತಾಗಲಿಲ್ಲ. ಸಿಟ್ಟಿನಲ್ಲಿ ಮೊದಲನೆಯದೇ ನಿಜ ಎಂದು ತೀರ್ಮಾನ ಮಾಡಿ, ದಾಪುಗಾಲು ಹಾಕುತ್ತ ಬಾವಿಗೆ ಹೋದೆ.

ಬಾವಿ ಚೌಕಾಕಾರದ್ದು, ಹಳೆಯದು, ಒಂದು ಕಡೆ ಕಲ್ಲಿನ ಮೆಟ್ಟಿಲು. ಊರ ಹೆಂಗಸರು ಇಳಿದು, ಮೊಳಕಾಲಿನ ತನಕ ನೀರಿನಲ್ಲಿ ನಿಂತು ಕೊಡ ತುಂಬಿಕೊಂಡು ಹತ್ತುತ್ತಿದ್ದರು. ಮೇಲೆ, ಮೆಟ್ಟಿಲಿನಿಂದ ನಾಲ್ಕು ಮಾರು ಆಚೆ, ಊರ ಹೊರಗಿನ ಕೇರಿಯ ಏಳೆಂಟು ಹೆಂಗಸರು ಖಾಲಿ ಕೊಡ ಮುಂದಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದರು. ಅವರು ಯಾಕೆ ಅಲ್ಲಿ ಕೂತಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಅದು ಹಸಿ ಸುಳ್ಳು. ಸುರಪುರದಲ್ಲಿ ಹುಟ್ಟಿ ಬೆಳೆದವಳು ನಾನು. ಅವರು ಬಾವಿಗೆ ಇಳಿಯುವಂತಿರಲಿಲ್ಲ. ಇಳಿಯಬಹುದಾದವರು ಯಾರಾದರೂ ತುಂಬಿ ತಂದು ಮೇಲಿನಿಂದ ಸುರಿದರೆ ಅವರಿಗೆ ನೀರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಒಂದು ಕಡೆ, ಮಾಸ್ತರರು ಹೇಳಿಕೊಟ್ಟದ್ದು ಇನ್ನೊಂದು ಕಡೆ ಇತ್ತು. ಎರಡನ್ನೂ ಕೂಡಿಸಿ ನೋಡಲಿಲ್ಲ.

ಅವರಿಗೆ ನೀರು ಹಾಕುತ್ತಿದ್ದದ್ದು ಒಬ್ಬಳೇ. ಐವತ್ತು ದಾಟಿದ, ಎಲುಬು ಗಟ್ಟಿ ಇದ್ದ ಒಕ್ಕಲುತನದ ಮನೆಯ ವಿಧವೆ. ಊರಿನವರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೈದುನನ ಮನೆಯಲ್ಲಿ ಇದ್ದಳು. ಮನೆಯ ನೀರು ಮುಗಿಸಿದ ಮೇಲೆ ಮತ್ತೆ ಏಳೆಂಟು ಸಲ ಇಳಿದು ಹತ್ತಿ, ಕೇರಿಯ ಕೊಡಗಳಿಗೆ ಮೇಲಿನಿಂದ ಧಾರೆ ಬಿಡುತ್ತಿದ್ದಳು. ಬಾಯಿ ಮಾತ್ರ ಕತ್ತರಿ. "ಹಿಂದ ಸರಿ. ಕೊಡ ಸರಳ ಹಿಡಿ. ಕಣ್ಣ ಎಲ್ಲಿ ಇಟ್ಟೀ?" ಎಂದು ಬೈಯುತ್ತಲೇ ಸುರಿಯುತ್ತಿದ್ದಳು.

ಅವಳು ನಾಲ್ಕನೆಯ ಸಲ ಹತ್ತಿ ಬರುವಾಗ ಎಡಗಾಲಿನ ಹರಡಿನ ಹತ್ತಿರ ಕಟ್ಟಿದ್ದ ಚಿಂದಿ ಕಂಡಿತು. ಚಿಂದಿಯೊಳಗಿಂದ ಒಂದು ಕಡ್ಡಿಯ ತುದಿ ಇಣುಕುತ್ತಿತ್ತು.

"ದೊಡ್ಡವ್ವ, ಕಾಲಿಗಿ ಏನಾಗ್ಯದ್ರಿ?"

"ಏನಾಗ್ತದ, ನಾರು ಎದ್ದದ. ವರ್ಸಾ ಬರ್ತದ, ಬೀಗರು ಬಂದಂಗ."

ಕೆಳಗಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಹುಡುಕುತ್ತಿದ್ದದ್ದು ಕಣ್ಣೆದುರಿಗೇ ನಿಂತಿತ್ತು.

"ಹಂಗಾದ್ರ ನೀವು ಬಾವ್ಯಾಗ ಇಳಿಯಾಂಗಿಲ್ರಿ. ನಿಮ್ಮ ಕಾಲಿಂದ ಊರಿಗೆಲ್ಲ ಹತ್ತತದ."

"ನಾ ಇಳೀಲಿಲ್ಲಂದ್ರ ನೀರು ತಾನ ಮ್ಯಾಲ ಹತ್ತಿ ಬರ್ತದೇನು?"

ಮತ್ತೆ ನಗು. ಕುಲಾಯಿ, ಮೊಸರು, ಟ್ರಂಕು ಎಲ್ಲದರ ಸಿಟ್ಟು ಒಟ್ಟಿಗೇ ಬಂತು. ಇವಳೂ "ಹೌದ್ರಿ" ಎಂದು ನಾಳೆ ಇಳಿಯುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಅವಳ ಮನೆಯ ಪಡಸಾಲೆಯಲ್ಲಿ ತಿಂಥಣಿ ಮೌನೇಶ್ವರನ ಪಟ ನೋಡಿದ್ದೆ. ನಮ್ಮ ಮನೆಯ ದೇವರೂ ಅವನೇ. ಚಿಕ್ಕವಳಿದ್ದಾಗ ನಾನು ಮಾತು ಕೇಳದಿದ್ದರೆ ಅವ್ವ ಮೌನಪ್ಪನ ಆಣೆ ಹಾಕಿಸುತ್ತಿದ್ದಳು, ಆಮೇಲೆ ನಾನು ಸತ್ತರೂ ಆ ಕೆಲಸ ಮಾಡುತ್ತಿರಲಿಲ್ಲ. ಮಾಸ್ತರರ ಪಾಠಕ್ಕಿಂತ ಅವ್ವನ ಉಪಾಯವೇ ಮೇಲು ಅನಿಸಿತು.

"ಹಂಗಲ್ಲ. ಬಾವ್ಯಾಗ ಕಾಲ ಇಡಾಂಗಿಲ್ಲಂತ ತಿಂಥಣಿ ಮೌನಪ್ಪನ ಆಣಿ ಮಾಡ್ರಿ," ಎಂದು ಕೈ ಚಾಚಿದೆ.

ಎಲ್ಲರ ನಗು ನಿಂತಿತು. ದೊಡ್ಡವ್ವ ನನ್ನ ಮುಖ ನೋಡಿದಳು, ಮೇಲೆ ಕೂತವರ ಕಡೆ ನೋಡಿದಳು. ಕೊಡ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ನನ್ನ ಅಂಗೈ ಮೇಲೆ ಇಟ್ಟಳು. "ಮೌನಪ್ಪನ ಆಣಿ. ಬಾವ್ಯಾಗ ಕಾಲ ಇಡಾಂಗಿಲ್ಲ," ಎಂದಳು.

ಮೇಲೆ ಕೂತಿದ್ದ ಕೇರಿಯ ಹೆಂಗಸೊಬ್ಬಳು ಎದ್ದು ನಿಂತಳು. ನನ್ನ ಅವ್ವನ ವಯಸ್ಸಿನವಳು. ಅವಳ ಎರಡು ಕೊಡಗಳಲ್ಲಿ ಒಂದು ತುಂಬಿತ್ತು, ಒಂದು ಖಾಲಿ ಇತ್ತು. ತುಂಬಿದ್ದನ್ನು ತಲೆಗೇರಿಸಿ, ಖಾಲಿಯದನ್ನು ಕಂಕುಳಿಗೆ ಇಟ್ಟುಕೊಂಡು ಹೋದಳು. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗೆದ್ದ ಖುಷಿಯಲ್ಲಿ ಶೇಂಗಾ ತಿನ್ನುತ್ತ ಬಂದೆ.

ಮುಂದಿನ ಮಂಗಳವಾರ ಬಾವಿಯ ಮೇಲೆ ಯಾರೂ ಕೂತಿರಲಿಲ್ಲ. ಜಾಗ ಖಾಲಿ ಖಾಲಿಯಾಗಿ ಕಂಡಿತು. ದೊಡ್ಡವ್ವ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಕಡ್ಡಿಗೆ ನಾರು ಸುತ್ತುತ್ತಿದ್ದಳು. ಆಣೆ ಮಾಡಿದಂದಿನಿಂದ ಅವಳು ಬಾವಿಯ ಕಡೆ ಮುಖ ಹಾಕಿರಲಿಲ್ಲ. ಮನೆಯ ನೀರನ್ನು ಮೈದುನನ ಹೆಂಡತಿ ತರುತ್ತಿದ್ದಳು.

"ಕೇರಿಯವರಿಗಿ ಯಾರು ಹಾಕಾಕತ್ತಾರ್ರಿ?" ಎಂದೆ.

"ನನ್ನೇನ ಕೇಳ್ತಿ ತಂಗಿ? ಆಣಿ ಹಾಕಿಸಿದಾಕಿ ನೀನು. ಅದನ್ನೂ ನೀನ ನೋಡಬೇಕಿಲ್ಲ?"

ಅವಳನ್ನು ಬಿಟ್ಟರೆ ಕೇರಿಗೆ ನೀರು ಹಾಕುವವರು ಯಾರೂ ಇಲ್ಲವೆಂದು ಆಗ ತಲೆಗೆ ಹೊಳೆಯಿತು. ಬಾವಿಗೆ ವಾಪಸು ಓಡಿ ಅಲ್ಲಿದ್ದವರನ್ನು ಕೇಳಿದೆ. ಒಬ್ಬಳಿಗೆ ಸೊಂಟ ನೋವು, ಒಬ್ಬಳಿಗೆ ಹೊಲಕ್ಕೆ ಹೊತ್ತಾಗಿತ್ತು. ಹೊಸದಾಗಿ ಮದುವೆಯಾಗಿ ಬಂದವಳೊಬ್ಬಳು, "ನಿನ್ನಿ ಒಂದ್ ಕೊಡ ಹಾಕಿದ್ದಕ್ಕ ನಮ್ಮತ್ತಿ ಮಾರಿ ಉಬ್ಬಿಸಿಕೊಂಡು ಕುಂತಾಳ್ರಿ," ಎಂದು ಪಿಸುಗುಟ್ಟಿದಳು.

ಕೇರಿಗೆ ಹೋದೆ. ಅಂದು ಎದ್ದು ನಿಂತಿದ್ದ ಹೆಂಗಸಿನ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು, ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು. ಅವಳ ಸೊಸೆ ಹೆತ್ತು ಹನ್ನೆರಡು ದಿನವಾಗಿತ್ತು. ಬಾಣಂತಿಗೆ ದಿನವೂ ಎರಡು ಹಂಡೆ ಸುಡುನೀರು ಎರೆಯಬೇಕು, ಕೂಸಿಗೆ ಬೇರೆ. ಅತ್ತೆ ಕಾಲುವೆಗೆ ಹೋಗಿದ್ದಾಳೆ ಎಂದರು. ಕಾಯುತ್ತ ಕೂತೆ. ಬಿಸಿಲು ಏರಿದ ಮೇಲೆ ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ಬಂದಳು. ರವಿಕೆ ಬೆವರಿಗೆ ಮೈಗಂಟಿತ್ತು. ನನ್ನನ್ನು ನೋಡಿ, "ಬಂದ್ರೇನ್ರಿ ಅವ್ವಾರ," ಎಂದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ದಿನಕ್ಕೆ ಎಷ್ಟು ಸಲ ಹೋಗುತ್ತೀ ಎಂದು ಕೇಳಿದೆ. "ಮೂರು ಸಲ. ಕಾಲುವಿ ಕಲ್ಲು ಜಾರತಾವ, ನೋಡಿ ಇಳೀಬೇಕು," ಎಂದಳು. ನಾನು ಇನ್ನೇನು ಕೇಳಬೇಕೆಂದು ತಿಳಿಯದೆ, ಸೋಸುವ ಬಟ್ಟೆ ಇದೆಯಾ ಎಂದು ಕೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಂಜೆ ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ಹರಿಯೋ ನೀರಿನ್ಯಾಗ ಆ ಹುಳ ನಿಲ್ಲಂಗಿಲ್ಲ. ರೋಗದ ಮಟ್ಟಿಗಿ ನೋಡಿದ್ರ ಛೊಲೋನೇ ಆತಲ್ಲವಾ."

"ಉಳಿದದ್ದರ ಮಟ್ಟಿಗಿ ನೋಡಿದ್ರ?"

ಮಾಸ್ತರರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಉಳಿದದ್ದು ನನ್ನ ನೋಟ್‌ಬುಕ್ಕಿನ್ಯಾಗ ಇಲ್ಲ," ಎಂದರು. ಅವರು ಕೆಟ್ಟವರಲ್ಲ. ಸಂಘದ ಕೋಣೆಯ ಬಾಡಿಗೆಯನ್ನು ತಮ್ಮ ಪಿಂಚಣಿಯಿಂದ ಕಟ್ಟುತ್ತಿದ್ದ ಮನುಷ್ಯ. ಆದರೆ ಆ ದಿನ ಅವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಅವರಾದರೂ ಹೇಳಬೇಕಿತ್ತು. ಬಾವಿಯ ನೀರು ಚೊಕ್ಕಟವಾಗುತ್ತಿತ್ತು, ಒಬ್ಬ ಮುದುಕಿಯ ಕಾಲು ಮಾಯುತ್ತಿತ್ತು, ಒಂದು ಕೇರಿ ಬಿಸಿಲಿನಲ್ಲಿ ಮೈಲಿಗಟ್ಟಲೆ ನೀರು ಹೊರುತ್ತಿತ್ತು. ಮೂರೂ ನನ್ನಿಂದಲೇ ಆಗಿತ್ತು. ಯಾವುದಕ್ಕೆ ಹಿಗ್ಗಬೇಕು, ಯಾವುದಕ್ಕೆ ಅಳಬೇಕು ಎಂದು ತಿಳಿಯಲಿಲ್ಲ.

ದೊಡ್ಡವ್ವನ ನಾರು ಪೂರ್ತಿ ಹೊರಗೆ ಬಂದು ಗಾಯ ಒಣಗುವ ಹೊತ್ತಿಗೆ ತಿಂಗಳಾಯಿತು. ನಾನು ಅವಳ ಕಾಲನ್ನು ಮುಟ್ಟಿ ಮುಟ್ಟಿ ನೋಡಿ, "ಇನ್ನ ಇಳೀಬಹುದ್ರಿ. ನಾಳಿಂದ ಕೇರಿಗಿ ನೀರು ಹಾಕ್ರಿ," ಎಂದೆ.

"ಆಣಿ ಅದ."

"ಗಾಯ ಮಾಯೋತನಕ ಅಂತ ಅಲ್ರೀ ಅದು?"

"ನೀ ಹಂಗ ಅನ್ನಲಿಲ್ಲ. ಕಾಲ ಇಡಾಂಗಿಲ್ಲಂದಿ, ನಾನೂ ಹಂಗ ಅಂದೀನಿ. ಮೌನಪ್ಪಗ ಈಗ ಬ್ಯಾರೆ ಅರ್ಥ ಹೇಳಾಕ ಆಗ್ತದೇನು?"

ಎಷ್ಟು ಗೋಗರೆದರೂ ಅವಳು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅವಳೇ ದಾರಿ ಹೇಳಿದಳು. ಆಣೆ ಹಾಕಿಸಿದವರೇ ಆ ದೇವರ ಮುಂದೆ ಹೋಗಿ, ಮಾಡಿದವರ ಕೈಯಿಂದ ಅದನ್ನು ತಿರುಗಿ ತೆಗೆದುಕೊಳ್ಳಬೇಕಂತೆ. ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಹೋಗಬೇಕಂತೆ. ವಿಜ್ಞಾನ ಹೇಳಲು ಹೋದವಳು ನಾನು. ಆದರೂ ಮರುದಿನವೇ ಅವಳನ್ನು ಕರೆದುಕೊಂಡು ಶಹಾಪುರ, ಸುರಪುರ ದಾಟಿ ಬಸ್ಸು ಬದಲಿಸುತ್ತ ತಿಂಥಣಿಗೆ ಹೋದೆ. ಸುರಪುರದ ಸ್ಟ್ಯಾಂಡಿನಲ್ಲಿ ಅಪ್ಪನ ಕಣ್ಣಿಗೆ ಬೀಳದಿರಲೆಂದು ಸೆರಗು ಮುಖದ ಮೇಲೆ ಎಳೆದುಕೊಂಡಿದ್ದೆ.

ಕೃಷ್ಣೆಯಲ್ಲಿ ನೀರು ಇಳಿದಿತ್ತು, ಬಂಡೆಗಳು ಕಾದಿದ್ದವು. ಇಬ್ಬರೂ ಮುಳುಗಿ ಎದ್ದೆವು. ಗುಡಿಯ ಮುಂದೆ ಅವಳು ತನ್ನ ಅಂಗೈ ಚಾಚಿದಳು, ನಾನು ಅದರ ಮೇಲೆ ಕೈ ಇಟ್ಟು, "ನಾ ಹಾಕಿಸಿದ ಆಣಿ ನಾನ ತಿರುಗಿ ತಗೊಂಡೀನಪ್ಪ," ಎಂದೆ.

ಸೀರೆ ಆರುವ ತನಕ ಬಂಡೆಯ ಮೇಲೆ ಕೂತಿದ್ದೆವು. ದೊಡ್ಡವ್ವ ತಾನಾಗಿ ಮಾತಾಡಿದಳು.

"ಗಂಡ ಸತ್ತಾಗ ನನಗ ಇಪ್ಪತ್ತಾರು. ಮದವಿಗಿ ಕರ್ಯಾಂಗಿಲ್ಲ, ತೊಟ್ಟಲಕ್ಕ ಕರ್ಯಾಂಗಿಲ್ಲ. ಮುಂಜಾನೆದ್ದು ಎದುರು ಬಂದ್ರ ಮಂದಿ ಮಾರಿ ತಿರುವತಾರ. ಮುಂಜಾನೆದ್ದು ನನ್ನ ದಾರಿ ಕಾಯೋರು ಅಂದ್ರ ಆ ಕೇರಿಯವರೊಬ್ಬರ. ಒಂದು ತಿಂಗಳಾತು, ನನಗ ಯಾರೂ ಕಾಯಲಿಲ್ಲ ತಂಗಿ."

ಅಲ್ಲಿಯ ತನಕ ಅವಳು ಕೇರಿಯವರಿಗೆ ಉಪಕಾರ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ಹೇಳಿದ ಮೇಲೆ ಯಾರು ಯಾರಿಗೆ ಮಾಡುತ್ತಿದ್ದರು ಎಂಬುದೇ ಗೊಂದಲವಾಯಿತು. ಅವಳನ್ನು ತಬ್ಬಿಕೊಳ್ಳಬೇಕು ಅನಿಸಿತು, ಆದರೆ ಅವಳು ಅಂಥ ಹೆಂಗಸಲ್ಲ. ಎದ್ದು ಸೆರಗು ಝಾಡಿಸಿ, "ನಡಿ, ಬಸ್ಸು ತಪ್ಪತದ," ಎಂದಳು.

ಆ ಸಂಜೆ ಅವಳ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಅವಳು ನನಗಿಂತ ಮೊದಲೇ ಎದ್ದು ಮನೆಯ ಹಂಡೆ, ಗಡಿಗೆ, ಬಾನಿ ಎಲ್ಲ ತುಂಬಿಸಿದ್ದಳು. ಆಮೇಲೆ ಕೇರಿಗೆಂದು ಒಂದು ಕೊಡ ತುಂಬಿಕೊಂಡು ಮೇಲೆ ಬಂದು ನಿಂತಳು. ಮೇಲೆ ಯಾರೂ ಇರಲಿಲ್ಲ. "ಅವರಿಗಿ ಸುದ್ದಿ ಮುಟ್ಟಿಲ್ಲ. ನಾ ಕಾಯ್ತೀನಿ, ಕರಕೊಂಡು ಬಾ," ಎಂದಳು. ಅವಳ ದನಿಯಲ್ಲಿ ಹುರುಪಿತ್ತು. ನಾನು ಹೆಚ್ಚುಕಡಿಮೆ ಓಡಿಕೊಂಡೇ ಹೋದೆ.

ಬಾಣಂತಿಯ ಅತ್ತೆ ಕಾಲುವೆಯಿಂದ ಮೊದಲ ಸಲದ ನೀರು ತಂದು ಇಳಿಸುತ್ತಿದ್ದಳು. ನಾನು ಏದುಸಿರಿನಲ್ಲೇ ತಿಂಥಣಿಯ ಕಥೆಯನ್ನೆಲ್ಲ ಹೇಳಿ, "ದೊಡ್ಡವ್ವ ಕೊಡ ತುಂಬಿಕೊಂಡು ನಿಂತಾಳ, ಬರ್ರಿ," ಎಂದೆ. ಆಕೆಗೆ ನಾನು "ಬರ್ರಿ" ಎಂದದ್ದು ಅದೇ ಮೊದಲು. ಆಕೆ ತಲೆಯ ಮೇಲಿನ ಸಿಂಬೆ ತೆಗೆದು ಗೋಡೆಗೆ ಒರಗಿ ಕೂತಳು.

"ನಾವು ಬರಾಂಗಿಲ್ರಿ ಅವ್ವಾರ. ಕಾಲುವಿ ದೂರ ಖರೇ. ಕಾಲು ಸೋಲತಾವ. ಆದ್ರ ಅಲ್ಲಿ ನಾನ ಬಗ್ಗಿ, ನಾನ ತುಂಬಿಕೊಂತೀನಿ. ಹಿಂದ ಸರಿ, ಕೊಡ ಸರಳ ಹಿಡಿ ಅನ್ನೋರು ಯಾರೂ ಇಲ್ಲ. ಈ ಒಂದು ತಿಂಗಳದಾಗ ಅದು ರೂಢಿ ಆಗ್ಯದ."

"ಆಕಿ ಮನಸ್ಸು ಕೆಟ್ಟದ್ದಲ್ರಿ," ಎಂದೆ.

"ಕೆಟ್ಟಾಕಿ ಅಂತ ನಾ ಎಲ್ಲಿ ಅಂದೆ? ನನ್ನ ಸೊಸಿ ಈ ಮನಿಗಿ ಬಂದಾಗಿಂದ ಆಕಿ ಹಾಕಿದ ನೀರು ಕುಡದೀವಿ." ನನ್ನ ಕಡೆ ನೇರವಾಗಿ ನೋಡಿದಳು. "ಒಂದ್ ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಆಕಿ ಇಳಿಬಾರದು ಅಂತ ಆಣಿ ಹಾಕಿಸಿದ್ರಿ. ಆಕಿ ಇಳೀಲಿ ಅಂತ ಹೊಳಿತನಕ ಹೋಗಿ ಮುಳುಗಿ ಬಂದ್ರಿ. ನಮ್ಮ ಕಾಲಾಗ ನಾರು ಇಲ್ಲ, ಹುಣ್ಣಿಲ್ಲ. ನೀವು ಇಳೀರಿ ಅಂತ ನಮಗ ಒಂದಿನಾನೂ ಯಾಕ ಅನ್ನಲಿಲ್ರಿ?"

ಊರವರು ಸುಮ್ಮನಿರುತ್ತಿರಲಿಲ್ಲ, ಜಗಳವಾಗುತ್ತಿತ್ತು, ಎಂದೆಲ್ಲ ಆಮೇಲೆ ನೂರು ಕಾರಣ ಹೊಂದಿಸಿಕೊಂಡೆ. ಆ ಗಳಿಗೆಯಲ್ಲಿ ಒಂದೇ ಒಂದು ನಿಜ ಇತ್ತು. ಆ ಮಾತು ನನಗೆ ಹೊಳೆದೇ ಇರಲಿಲ್ಲ. ಒಂದು ತಿಂಗಳು ಹಗಲೂ ರಾತ್ರಿ ಅವರ ನೀರಿನದೇ ಚಿಂತೆ ಮಾಡಿದ್ದೆ, ಅತ್ತಿದ್ದೆ, ಆದರೂ ಹೊಳೆದಿರಲಿಲ್ಲ. ಆಕೆ ಉತ್ತರಕ್ಕೆ ಕಾಯಲಿಲ್ಲ. ಬಾಣಂತಿಗೆ ನೀರು ಕಾಯಿಸಬೇಕಿತ್ತು, ಎದ್ದು ಒಲೆಯ ಕಡೆ ಹೋದಳು.

ಬಾವಿಗೆ ತಿರುಗಿ ಬಂದೆ. ದೊಡ್ಡವ್ವ ಅಲ್ಲೇ ನಿಂತಿದ್ದಳು. ತುಂಬಿದ ಕೊಡವನ್ನು ಕೆಳಗೂ ಇಟ್ಟಿರಲಿಲ್ಲ, ಟೊಂಕದ ಮೇಲೇ ಇತ್ತು.

"ಬರಾಕತ್ತಾರೇನು?"

"ಇಲ್ರಿ ದೊಡ್ಡವ್ವ."

"ಯಾಕಂತ?"

ನಿಜ ಹೇಳುವ ಧೈರ್ಯ ನನಗಾಗಲಿಲ್ಲ. ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂಬುದೂ ತಿಳಿಯಲಿಲ್ಲ. "ಅವರಿಗಿ ಕಾಲುವಿನೇ ಹತ್ರ ಆಗ್ತದಂತ್ರಿ," ಎಂದೆ.

ಕೇರಿಯಿಂದ ಬಾವಿ ಕೂಗಳತೆಯಲ್ಲಿತ್ತು. ಆ ಊರಿನಲ್ಲಿ ಅವಳು ಬಾಳಿದ್ದು ಮೂವತ್ತೈದು ವರ್ಷ. ಕಾಲುವೆಯ ಕಡೆಗೊಮ್ಮೆ, ಕೇರಿಯ ಕಡೆಗೊಮ್ಮೆ ನೋಡಿದಳು.

"ಹೌದು. ಹತ್ರ ಆಗ್ತದ," ಎಂದಳು.

ಆಮೇಲೆ ಆ ಕೊಡವನ್ನು ಹೊತ್ತುಕೊಂಡು ಮನೆಗೆ ನಡೆದಳು. ನಾನು ಹಿಂದೆ ಹೋದೆ. ಪಡಸಾಲೆಯಲ್ಲಿ ಕೊಡ ಹಿಡಿದು, ಅದನ್ನು ಎಲ್ಲಿ ಸುರಿಯಬೇಕೆಂದು ತಿಳಿಯದೆ ಅವಳು ಬಹಳ ಹೊತ್ತು ನಿಂತಿದ್ದಳು. ಮನೆಯ ಪಾತ್ರೆಗಳೆಲ್ಲ ಆಗಲೇ ತುಂಬಿದ್ದವು.